ಕಾಲೇಜು ಬೇಸ್‌ಬಾಲ್ ಬ್ಯಾಟಿಂಗ್ ಕ್ರಮಾಂಕ: ಮೊದಲು ಓಟಗಾರನೋ, ವಾಕ್ ಗಿಟ್ಟಿಸುವವನೋ?

ಅಂಕಿಪುಸ್ತಕ:
ನಮಸ್ಕಾರ. ಅಮೆರಿಕದ ಡಿವಿಷನ್ 3 ಕಾಲೇಜು ತಂಡವೊಂದರ ಅಂಕಿಅಂಶ ನೋಡಿಕೊಳ್ಳುತ್ತೇನೆ. 40 ಪಂದ್ಯಗಳ ಸೀಸನ್‌ನಲ್ಲಿ ಅರ್ಧ ಮುಗಿದಿದೆ, ಮುಖ್ಯ ಬ್ಯಾಟರ್‌ಗಳು ತಲಾ 70 ಸಲ ಪ್ಲೇಟ್‌ಗೆ (ಬ್ಯಾಟಿಂಗ್ ಸರದಿಗೆ) ಬಂದಿದ್ದಾರೆ. ಆನ್-ಬೇಸ್ (ಔಟಾಗದೆ ಬೇಸ್ ತಲುಪಿದ ಪ್ರಮಾಣ), ಸ್ಲಗಿಂಗ್ (ಹೊಡೆತದಿಂದ ಗಳಿಸಿದ ಬೇಸ್‌ಗಳ ಸರಾಸರಿ) ಕ್ರಮವಾಗಿ ಹೀಗಿವೆ:

ಸೆಂಟರ್ ಫೀಲ್ಡರ್ (ಎಡಗೈ): 0.330, 0.420. ತಂಡದಲ್ಲೇ ವೇಗದ ಓಟ, 17 ಸ್ಟೀಲ್ (ಪಿಚರ್ ಎಸೆಯುವಾಗಲೇ ಓಡಿ ಮುಂದಿನ ಬೇಸ್ ಕದಿಯುವ) ಪ್ರಯತ್ನದಲ್ಲಿ 14 ಯಶಸ್ಸು
ಶಾರ್ಟ್‌ಸ್ಟಾಪ್ (ಬಲಗೈ): 0.410, 0.560
ಫಸ್ಟ್ ಬೇಸ್‌ಮನ್ (ಎಡಗೈ): 0.440, 0.480. ನಿಧಾನ, ಆದರೆ ವಾಕ್ (ನಾಲ್ಕು ಕೆಟ್ಟ ಚೆಂಡು ಬಿಟ್ಟು ಸಿಗುವ ಮೊದಲ ಬೇಸ್) ಬಹಳ
ಡಿಎಚ್ (ಪಿಚರ್ ಬದಲು ಬ್ಯಾಟಿಂಗ್ ಮಾತ್ರ ಮಾಡುವವನು, ಎಡಗೈ): 0.350, 0.610. ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಜಾಸ್ತಿ
ಥರ್ಡ್ ಬೇಸ್‌ಮನ್ (ಬಲಗೈ): 0.360, 0.470
ಕ್ಯಾಚರ್ (ಬಲಗೈ): 0.390, 0.400. ಗ್ರೌಂಡರ್ (ನೆಲದ ಹೊಡೆತ) ಜಾಸ್ತಿ, ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಇಬ್ಬರು ಔಟ್) ಆಗುತ್ತಿರುತ್ತದೆ

ಈಗ ಸೆಂಟರ್ ಫೀಲ್ಡರ್ 1, ಬಂಟ್ (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಾಗಿಸುವುದು) ಚೆನ್ನಾಗಿ ಮಾಡುವ ಸೆಕೆಂಡ್ ಬೇಸ್‌ಮನ್ 2, ಶಾರ್ಟ್‌ಸ್ಟಾಪ್ 3, ಡಿಎಚ್ 4, ಫಸ್ಟ್ ಬೇಸ್‌ಮನ್ 5. ಬದಲಿಸಬೇಕೇ?

ಎಡಗೈ_ಬ್ಯಾಟು:
ಬದಲಿಸಿ. ಕ್ರಿಕೆಟ್‌ನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹೊಸ ಚೆಂಡನ್ನು ಸವೆಸುವ ಆರಂಭಿಕ ಆಟಗಾರ ಅಂತ ಯಾರೂ ಇಲ್ಲ, ಒಂಬತ್ತು ಜನರ ಸರದಿ ಸುತ್ತುತ್ತಲೇ ಇರುತ್ತದೆ. ಒಂದು ಕ್ರಮಾಂಕ ಕೆಳಗಿಳಿದರೆ ಪಂದ್ಯಕ್ಕೆ ಸರಾಸರಿ ಒಂಬತ್ತನೇ ಒಂದು ಸರದಿ ಕಡಿಮೆ. 40 ಪಂದ್ಯಕ್ಕೆ ಅದು ನಾಲ್ಕು ಚಿಲ್ಲರೆ. ಒಂದನೇ ಮತ್ತು ಒಂಬತ್ತನೇ ಕ್ರಮಾಂಕದ ನಡುವೆ 35ರಷ್ಟು ವ್ಯತ್ಯಾಸ. ಹೆಚ್ಚಿನ ಸರದಿ ಹೋಗಬೇಕಾದದ್ದು ಔಟಾಗದವನಿಗೆ, ವೇಗವಾಗಿ ಓಡುವವನಿಗಲ್ಲ.

ಹೋಲಿಕೆಗೆ ಆನ್-ಬೇಸ್ ಅನ್ನು 1.8ರಿಂದ ಗುಣಿಸಿ ಸ್ಲಗಿಂಗ್ ಕೂಡಿಸಿ. ಎರಡನ್ನೂ ಹಾಗೇ ಕೂಡಿಸಿದರೆ ವಾಕ್‌ಗೆ ಸಿಗಬೇಕಾದ ಬೆಲೆ ಸಿಗುವುದಿಲ್ಲ. ಆಗ ಶಾರ್ಟ್‌ಸ್ಟಾಪ್ 1.298, ಫಸ್ಟ್ ಬೇಸ್‌ಮನ್ 1.272, ಡಿಎಚ್ 1.240, ಥರ್ಡ್ ಬೇಸ್‌ಮನ್ 1.118, ಕ್ಯಾಚರ್ 1.102, ಸೆಂಟರ್ ಫೀಲ್ಡರ್ 1.014. ಮೇಲಿನ ಮೂವರು 1, 2, 4ರಲ್ಲಿರಲಿ. ಮೂರನೆಯವನು ಎರಡು ಔಟ್ ಆಗಿ ಬೇಸ್ ಖಾಲಿ ಇದ್ದಾಗ ಬರುವುದು ಹೆಚ್ಚು, ಅಲ್ಲಿ ನಿಮ್ಮ ಶಾರ್ಟ್‌ಸ್ಟಾಪ್ ದಂಡವಾಗುತ್ತಾನೆ.

ನನ್ನ ಪಟ್ಟಿ: ಫಸ್ಟ್ ಬೇಸ್‌ಮನ್, ಶಾರ್ಟ್‌ಸ್ಟಾಪ್, ಥರ್ಡ್ ಬೇಸ್‌ಮನ್, ಡಿಎಚ್, ಕ್ಯಾಚರ್, ಸೆಂಟರ್ ಫೀಲ್ಡರ್, ಆಮೇಲೆ ಉಳಿದವರು. ಸೆಂಟರ್ ಫೀಲ್ಡರ್‌ಗೆ 6 ಯಾಕೆಂದರೆ, ಹಿಂದೆ ಬರುವವರು ಸಿಂಗಲ್ ಹೊಡೆಯುವವರಾದಾಗ ಕದ್ದ ಬೇಸ್‌ಗೆ ಬೆಲೆ ಹೆಚ್ಚು. ಹೋಮ್ ರನ್ ಹೊಡೆಯುವವನ ಮುಂದೆ ಮೊದಲ ಬೇಸ್‌ನಲ್ಲಿದ್ದರೂ ಒಂದೇ, ಎರಡನೆಯದರಲ್ಲಿದ್ದರೂ ಒಂದೇ. ಸಿಕ್ಕಿಬಿದ್ದರೆ ಮಾತ್ರ ನಷ್ಟ. ಈ ಪಟ್ಟಿಯ ಮೊದಲ ಆರರಲ್ಲಿ ಇಬ್ಬರು ಎಡಗೈಯವರು ಎಲ್ಲೂ ಅಕ್ಕಪಕ್ಕ ಬರುವುದಿಲ್ಲ. ಇಲ್ಲವಾದರೆ ಎದುರಾಳಿ ಕೋಚ್ ಬುಲ್‌ಪೆನ್‌ನಿಂದ (ಬದಲಿ ಪಿಚರ್‌ಗಳ ಜಾಗ) ಒಬ್ಬನೇ ಎಡಗೈ ಪಿಚರ್‌ನನ್ನು ತಂದು ಇಬ್ಬರನ್ನೂ ಮುಗಿಸಿಬಿಡುತ್ತಾನೆ.

ಸರಾಸರಿ_ಲೆಕ್ಕ:
ದಿಕ್ಕು ಸರಿ, ಆದರೆ 70 ಸರದಿಯ ಅಂಕಿಯನ್ನು ಅಷ್ಟು ನಂಬಬೇಡಿ. ಆನ್-ಬೇಸ್ 0.400 ಇರುವವನಿಗೆ 70 ಸರದಿಯಲ್ಲಿ ಬರೀ ಅದೃಷ್ಟದಿಂದಲೇ 0.059ರಷ್ಟು ಏರುಪೇರು ಸಹಜ. 0.440ಕ್ಕೂ 0.410ಕ್ಕೂ ಇರುವ ಅಂತರ ಅದರೊಳಗೇ ಮುಚ್ಚಿಹೋಗುತ್ತದೆ. ಪ್ರತಿಯೊಬ್ಬನ ಲೆಕ್ಕಕ್ಕೂ ತಂಡದ ಸರಾಸರಿಯ 100 ಸರದಿ ಸೇರಿಸಿ ನೋಡಿ. ಸರಾಸರಿ 0.360 ಅಂತಿಟ್ಟುಕೊಂಡರೆ ಫಸ್ಟ್ ಬೇಸ್‌ಮನ್ 0.393ಕ್ಕೆ ಇಳಿಯುತ್ತಾನೆ, ಸೆಂಟರ್ ಫೀಲ್ಡರ್ 0.348ಕ್ಕೆ ಏರುತ್ತಾನೆ. 0.110 ಇದ್ದ ಅಂತರ 0.045 ಆಯಿತು. ಆದರೂ ಫಸ್ಟ್ ಬೇಸ್‌ಮನ್ನೇ ಮುಂದೆ, ಹಾಗಾಗಿ ಬದಲಾವಣೆ ಒಪ್ಪಿದೆ. ಕಳೆದ ವರ್ಷದ ಅಂಕಿ ಇದ್ದರೆ 100ರ ಬದಲು ಅದನ್ನೇ ಬಳಸಿ. ವಾಕ್ ಮತ್ತು ಸ್ಟ್ರೈಕ್‌ಔಟ್ ಪ್ರಮಾಣ ಬ್ಯಾಟಿಂಗ್ ಸರಾಸರಿಗಿಂತ ಬೇಗ ನೆಲೆ ನಿಲ್ಲುತ್ತದೆ, ಮೊದಲು ಅದನ್ನು ನೋಡಿ.

ನಿಮ್ಮ ಶೀಟ್‌ನ ಸೂತ್ರವನ್ನೂ ಪರೀಕ್ಷಿಸಿ. ಆನ್-ಬೇಸ್‌ನಲ್ಲಿ ಚೆಂಡು ಮೈಗೆ ತಾಗಿ ಬೇಸ್ ಸಿಕ್ಕಿದ್ದು ಭಿನ್ನರಾಶಿಯ ಮೇಲೂ ಕೆಳಗೂ ಬರಬೇಕು, ಸ್ಯಾಕ್ರಿಫೈಸ್ ಫ್ಲೈ (ಎತ್ತರದ ಹೊಡೆತಕ್ಕೆ ತಾನು ಔಟಾಗಿ ರನ್ ತಂದುಕೊಡುವುದು) ಕೆಳಗೆ ಮಾತ್ರ, ಸ್ಯಾಕ್ರಿಫೈಸ್ ಬಂಟ್ (ತಾನು ಔಟಾಗಿ ರನ್ನರ್‌ನನ್ನು ಮುಂದೆ ಕಳಿಸುವ ಬಂಟ್) ಎಲ್ಲೂ ಬರಬಾರದು. ಎದುರಾಳಿಯ ಎರರ್‌ನಿಂದ (ಫೀಲ್ಡಿಂಗ್ ತಪ್ಪು) ಬೇಸ್ ತಲುಪಿದ್ದು ಇದರಲ್ಲಿ ಸೇರುವುದಿಲ್ಲ. ವೇಗದ ಆಟಗಾರನಿಗೆ ಅದರಲ್ಲಿ ಸ್ವಲ್ಪ ಅನ್ಯಾಯವಾಗುತ್ತದೆ.

ಇನ್ನು, ಎರಡನೇ ಕ್ರಮಾಂಕದ ಬಂಟ್ ಬಿಡಿ. ಮೇಜರ್ ಲೀಗ್ ಲೆಕ್ಕದಲ್ಲಿ ಔಟಿಲ್ಲದೆ ಮೊದಲ ಬೇಸ್‌ನಲ್ಲಿ ಒಬ್ಬನಿದ್ದರೆ ಆ ಇನ್ನಿಂಗ್ಸ್‌ನಲ್ಲಿ ಸುಮಾರು 0.9 ರನ್ ನಿರೀಕ್ಷೆ, ಬಂಟ್ ಮಾಡಿ ಒಂದು ಔಟಿಗೆ ಅವನನ್ನು ಎರಡನೇ ಬೇಸ್‌ಗೆ ಕಳಿಸಿದರೆ ಸುಮಾರು 0.7. ಕೊನೆಯ ಇನ್ನಿಂಗ್ಸ್‌ನಲ್ಲಿ ಒಂದೇ ರನ್ ಸಾಕಾದಾಗ ಮಾತ್ರ ಅದು ಬೇರೆ ಮಾತು.

ಡಗೌಟ್_ಕಾರ್ಡ್:
ಕ್ರಮಾಂಕ ಬದಲಿಸುವ ದಿನ ಎಡವಟ್ಟಾಗುವುದು ಕ್ರಮಾಂಕ ಬರೆದ ಕಾರ್ಡ್‌ನಲ್ಲಿ. ಹಳೆಯ ರೂಢಿಯಲ್ಲಿ ತಪ್ಪು ಸರದಿಗೆ ಹೋದರೆ, ಆ ಸರದಿ ಮುಗಿದು ಮುಂದಿನ ಪಿಚ್ ಬೀಳುವ ಮೊದಲು ಎದುರಾಳಿ ಅಪೀಲ್ ಮಾಡಿದರೆ ಔಟಾಗುವುದು ಹೋದವನಲ್ಲ, ಹೋಗಬೇಕಾಗಿದ್ದವನು. ಆ ಹೊಡೆತದಿಂದ ಮುಂದೆ ಹೋದ ರನ್ನರ್‌ಗಳು ವಾಪಸ್. ಅಂಪೈರ್‌ಗೆ ಕೊಡುವ ಪ್ರತಿ, ಡಗೌಟ್ ಗೋಡೆಯ ಪ್ರತಿ, ಸ್ಕೋರರ್ ಪ್ರತಿ ಮೂರನ್ನೂ ಜರ್ಸಿ ಸಂಖ್ಯೆ ಸಮೇತ ಇಬ್ಬರು ಓದಿ ತಾಳೆ ನೋಡಲಿ.

ಇನ್ನೊಂದು: ನಿಮ್ಮ ಡಿಎಚ್ಚೇ ಎರಡನೇ ಕ್ಯಾಚರ್ ಆಗಿದ್ದರೆ ಹುಷಾರು. ಕ್ಯಾಚರ್‌ಗೆ ಪೆಟ್ಟಾಗಿ ಡಿಎಚ್ ಗ್ಲೌಸ್ ಹಾಕಿದರೆ ಡಿಎಚ್ ಸ್ಥಾನವೇ ಹೋಗುತ್ತದೆ, ಕ್ಯಾಚರ್ ಇದ್ದ ಐದನೇ ಕ್ರಮಾಂಕಕ್ಕೆ ಪಿಚರ್ ಬ್ಯಾಟ್ ಹಿಡಿಯಬೇಕು. ಶನಿವಾರದ ಡಬಲ್‌ಹೆಡರ್‌ನಲ್ಲಿ (ಒಂದೇ ದಿನ ಎರಡು ಪಂದ್ಯ), ಕ್ಯಾಚರ್‌ನ ಮೊಣಕಾಲು ದಣಿದಿರುವಾಗ, ಇದು ಬಹಳ ದುಬಾರಿ.

ಅಂಕಿಪುಸ್ತಕ:
ಧನ್ಯವಾದ. ಮೈಗೆ ತಾಗಿದ್ದನ್ನು ನಮ್ಮ ಶೀಟ್ ಕೆಳಗೆ ಮಾತ್ರ ಸೇರಿಸುತ್ತಿತ್ತು, ಸರಿಪಡಿಸಿದೆ. ಎದುರಾಳಿ ಎಡಗೈ ಸ್ಟಾರ್ಟರ್ (ಆರಂಭಿಕ ಪಿಚರ್) ಆದರೆ ಇದೇ ಪಟ್ಟಿಯೇ?

ಎಡಗೈ_ಬ್ಯಾಟು:
ಡಿಎಚ್ 6ಕ್ಕೆ, ಥರ್ಡ್ ಬೇಸ್‌ಮನ್ 4ಕ್ಕೆ, ಕ್ಯಾಚರ್ 3ಕ್ಕೆ, ಸೆಂಟರ್ ಫೀಲ್ಡರ್ 9ಕ್ಕೆ. 5ಕ್ಕೆ ಉಳಿದವರಲ್ಲಿ ಒಳ್ಳೆಯ ಬಲಗೈಯವನು. ಎಡಗೈ ಪಿಚರ್‌ನ ಸ್ಲೈಡರ್ (ಪಕ್ಕಕ್ಕೆ ತಿರುಗುವ ಎಸೆತ) ಎಡಗೈ ಬ್ಯಾಟರ್‌ನಿಂದ ಹೊರಗೆ ಓಡುತ್ತದೆ, ಸ್ಟ್ರೈಕ್‌ಔಟ್ ಜಾಸ್ತಿ ಇರುವವನು ಅದರ ಹಿಂದೆ ಬೀಳುತ್ತಾನೆ. ಫಸ್ಟ್ ಬೇಸ್‌ಮನ್‌ನನ್ನು ಮಾತ್ರ ಕದಲಿಸಬೇಡಿ. ಹೊರಗೆ ಹೋಗುವ ಚೆಂಡು ಬಿಡುವುದು ಅವನಿಗೆ ಗೊತ್ತಿದೆ.