ಸಹಾಯ ಬೇಕು: ಸ್ಪಿನೋಜಾನ ದೇವರು ನಿಜಕ್ಕೂ ಸ್ವತಂತ್ರನಾ?

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ 17ನೇ ಶತಮಾನದ ಡಚ್ ತತ್ವಜ್ಞಾನಿ ಸ್ಪಿನೋಜಾನ 'ಎಥಿಕ್ಸ್' ಹಿಡಿದು ಕೂತಿದ್ದೇನೆ. 1677ರಲ್ಲಿ, ಅವನು ತೀರಿಕೊಂಡ ಮೇಲೆ ಅಚ್ಚಾದ ಪುಸ್ತಕ. ಮೊದಲ ಭಾಗದಲ್ಲೇ ಸಿಕ್ಕಿಬಿದ್ದಿದ್ದೇನೆ.

ಇರುವುದು ಒಂದೇ ಮೂಲವಸ್ತು, ಅದೇ ದೇವರು, ನಾವೆಲ್ಲ ಅದರ ರೂಪಗಳು ಅನ್ನುತ್ತಾನೆ. ಇಲ್ಲಿವರೆಗೆ ಸರಿ. ಆದರೆ 33ನೇ ಪ್ರಮೇಯದ ಪ್ರಕಾರ ಜಗತ್ತು ಈಗಿರುವುದಕ್ಕಿಂತ ಬೇರೆ ಥರ ಆಗಲು ಸಾಧ್ಯವೇ ಇರಲಿಲ್ಲ. ಹಾಗಿದ್ದೂ ದೇವರೊಬ್ಬನೇ ಸ್ವತಂತ್ರನಂತೆ! ಹೊರಗಿನದು ಯಾವುದೂ ತಳ್ಳದೆ ತನ್ನ ಸ್ವಭಾವದಿಂದಲೇ ನಡೆಯುವುದು ಸ್ಪಿನೋಜಾನ ಲೆಕ್ಕದಲ್ಲಿ ಸ್ವಾತಂತ್ರ್ಯ. ಆಯ್ಕೆಯೇ ಇಲ್ಲದ್ದಕ್ಕೆ ಆ ಹೆಸರು ಕೊಡುವುದು ಬರೀ ಮಾತಿನ ಆಟ ಅಲ್ವಾ? ನಮ್ಮ ವಿಷಯದಲ್ಲಂತೂ ಅವನು ಇನ್ನೂ ಖಡಕ್. ಎಸೆದ ಕಲ್ಲಿಗೆ ಅರಿವು ಇದ್ದಿದ್ದರೆ ಅದೂ ತನ್ನಿಷ್ಟದಂತೆ ಹಾರುತ್ತಿದ್ದೇನೆ ಅಂದುಕೊಳ್ಳುತ್ತಿತ್ತು ಅಂತ ಒಂದು ಪತ್ರದಲ್ಲಿ ಬರೆದಿದ್ದಾನೆ. (ಈ ಕಲ್ಲು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ.)

1676ರಲ್ಲಿ ಹೇಗ್‌ಗೆ ಹೋಗಿ ಅವನನ್ನು ಕಂಡಿದ್ದ ಜರ್ಮನ್ ತತ್ವಜ್ಞಾನಿ ಲೈಬ್ನಿಜ್ ಬೇರೆ ದಾರಿ ಹಿಡಿಯುತ್ತಾನೆ. ರೋಮನ್ ಸೇನಾಪತಿ ಸೀಸರ್ ರುಬಿಕಾನ್ ನದಿ ದಾಟುವುದು ಖಚಿತ, ಆದರೆ ಅನಿವಾರ್ಯವಲ್ಲ (ಅಂದರೆ ದಾಟದೇ ಇದ್ದಿದ್ದರೂ ತರ್ಕಕ್ಕೆ ವಿರೋಧವೇನಿಲ್ಲ) ಅಂತ. ಈ ವ್ಯತ್ಯಾಸ ನಿಜವಾದದ್ದಾ, ಇಲ್ಲ ಸುಮ್ನೆ ನುಣುಚಿಕೊಳ್ಳುವುದಾ? ನನಗೆ ಎರಡನೆಯದೇ ಅನ್ನಿಸುತ್ತದೆ. ಓದಿದವರು ಸ್ವಲ್ಪ ಬಿಡಿಸಿ ಹೇಳುತ್ತೀರಾ?