4,29,49,67,297: ಇದನ್ನು ಕೈಲೆಕ್ಕದಲ್ಲೇ ಒಡೆಯಬಹುದಾ?

ಪ್ರಶ್ನೆ

ಮನೆಯ ವರಾಂಡದಲ್ಲಿ ಆರು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಹೋದ ವಾರ ಬೋರ್ಡಿನ ಮೇಲೆ 3, 5, 17, 257, 65537 ಬರೆದೆ. ಐದೂ ಅವಿಭಾಜ್ಯ. ಒಂದು ಕಳೆದು, ವರ್ಗ ಮಾಡಿ, ಒಂದು ಕೂಡಿಸಿದರೆ ಮುಂದಿನದು ಸಿಗುತ್ತದೆ. ಹಾಗೆ ಆರನೆಯದು 4,29,49,67,297. ಇದೂ ಅವಿಭಾಜ್ಯವೇ ಅಂತ ಗಣಿತಜ್ಞ ಫರ್ಮಾ ನಂಬಿದ್ದರು, ಅದು ತಪ್ಪಾಯಿತು ಅಂದೆ. ತಕ್ಷಣ ಒಬ್ಬಳು, "ಹಾಗಾದ್ರೆ ಯಾವುದರಿಂದ ಭಾಗ ಹೋಗುತ್ತೆ ಮಿಸ್?" ಅಂದಳು. ಸುಮ್ನೆ ನೋಡಿ ಹೇಳಲು ಮನಸ್ಸಾಗಲಿಲ್ಲ. ನಾವೇ ಹುಡುಕೋಣ ಅಂದೆ.

ಅಂಕಿ ಕೂಡಿದರೆ 59, ಹಾಗಾಗಿ 3 ಹೋಗಲ್ಲ. 7ಕ್ಕೆ ಶೇಷ 5, 13ಕ್ಕೆ 10. ನೂರರವರೆಗೂ ನೋಡಿದೆವು. ವರ್ಗಮೂಲ ಸುಮಾರು 65536, ಅಲ್ಲಿಯವರೆಗೆ 6542 ಅವಿಭಾಜ್ಯಗಳಿವೆ! ಎಲ್ಲದರಿಂದಲೂ ಭಾಗಿಸಬೇಕಾ? ದಯವಿಟ್ಟು ಉತ್ತರ ಹೇಳಬೇಡಿ, ದಾರಿ ಹೇಳಿ.

ಉತ್ತರ 1

ಬೇಡ ಮೇಡಂ. 1732ರಲ್ಲಿ ಗಣಿತಜ್ಞ ಆಯ್ಲರ್ ಇದನ್ನು ಒಡೆದರು, ಅದೂ ಕೈಲೆಕ್ಕದಲ್ಲಿ. ನಿಮ್ಮ ಸಂಖ್ಯೆ 2ರ 32ನೇ ಘಾತಕ್ಕಿಂತ ಒಂದು ಜಾಸ್ತಿ, ಅಲ್ವಾ? ಅದನ್ನು ಭಾಗಿಸುವ ಅವಿಭಾಜ್ಯ ಒಂದಿದೆ ಅಂದುಕೊಳ್ಳಿ. 2, 4, 8, 16 ಅಂತ ಹೋಗುತ್ತಾ ಅದರಿಂದ ಭಾಗಿಸಿ ಶೇಷ ಬರೆಯಿರಿ. 32ನೇ ಹೆಜ್ಜೆಗೆ ಶೇಷ ಆ ಅವಿಭಾಜ್ಯಕ್ಕಿಂತ ಒಂದೇ ಒಂದು ಕಡಿಮೆ. 64ನೇ ಹೆಜ್ಜೆಗೆ ಮೊದಲ ಸಲ 1 ಬರುತ್ತದೆ. ಅಂದರೆ ಶೇಷಗಳ ಸುತ್ತು 64 ಹೆಜ್ಜೆಯದು. ಆ ಅವಿಭಾಜ್ಯದಿಂದ ಒಂದು ಕಳೆದರೆ ಉಳಿದದ್ದು 64ರಿಂದ ಪೂರ್ತಿ ಭಾಗವಾಗಲೇಬೇಕು. ಯಾಕೆಂದರೆ ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಇರುವ ಹೆಜ್ಜೆಗೆ ಶೇಷ 1 ಬರಲೇಬೇಕು. ಇದನ್ನು ಹೇಳುವುದು ಫರ್ಮಾ ಅವರದೇ ಕಿರು ಪ್ರಮೇಯ! 65, 129, 193 ಹೀಗೆ ಬರೆದು ಅವಿಭಾಜ್ಯಗಳನ್ನಷ್ಟೇ ನೋಡಿ.

ಉತ್ತರ 2

ಭಾಗಿಸದೆಯೂ ಮಕ್ಕಳಿಗೆ ತೋರಿಸಬಹುದು. 65536ರ ವರ್ಗಕ್ಕೆ 1ರ ವರ್ಗ ಕೂಡಿದರೆ ಈ ಸಂಖ್ಯೆ. 62264ರ ವರ್ಗಕ್ಕೆ 20449ರ ವರ್ಗ ಕೂಡಿದರೂ ಇದೇ. ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆಯಲು ಆಗುವುದೇ ಇಲ್ಲ.

ಪ್ರಶ್ನೆ ಕೇಳಿದವರು

ಸಿಕ್ಕಿತು! 193, 257, 449, 577 ಹೋಗಲಿಲ್ಲ. ಐದನೆಯದು 641. ಅವತ್ತು ಪ್ರಶ್ನೆ ಕೇಳಿದವಳ ಕೈಗೇ ಚಾಕ್‌ಪೀಸ್ ಕೊಟ್ಟಿದ್ದೆ. ಭಾಗಲಬ್ಧ 67,00,417, ಶೇಷ ಸೊನ್ನೆ. ಆ ಸೊನ್ನೆಯನ್ನು ಎಷ್ಟು ದೊಡ್ಡದಾಗಿ ಬರೆದಳು ಗೊತ್ತಾ!

67,00,417 ಇನ್ನೂ ಒಡೆಯುತ್ತಾ ಅಂತ ಇನ್ನೊಬ್ಬ ಕೇಳಿದ. ಅದರ ಅಪವರ್ತನವೂ ಅದೇ ಪಟ್ಟಿಯಲ್ಲೇ ಇರಬೇಕಲ್ಲ? ವರ್ಗಮೂಲ 2588 ಚಿಲ್ಲರೆ. 641ರಿಂದ ಅಲ್ಲಿಯವರೆಗೆ ಏಳೇ ಇವೆ: 641, 769, 1153, 1217, 1409, 1601, 2113. ಯಾವುದೂ ಹೋಗಲಿಲ್ಲ, ಅದು ಅವಿಭಾಜ್ಯ. ಪಟ್ಟಿ ಮಾಡುವಾಗ 1729 ಕೂಡ ಬಂತು. 7ರಿಂದ ಹೋಗುತ್ತೆ ಅಂತ ಹೊಡೆದು ಹಾಕಬೇಕಾಯಿತು. "ಅಯ್ಯೋ, ರಾಮಾನುಜನ್ ನಂಬರು ಮಿಸ್" ಅಂತ ಆರೂ ಮಕ್ಕಳು ಕೂಗಿದರು.

ಶನಿವಾರ ಎರಡು ವರ್ಗಗಳದ್ದು ಮಾಡುತ್ತೇವೆ. 20449 ತಾನೂ 143ರ ವರ್ಗ ಅಂತ ಅವರಿಗೆ ಇನ್ನೂ ಹೇಳಿಲ್ಲ.