ಮೂರು ಕತ್ತು, ಎರಡು ಗೋಪುರ

ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿನ ಮುಂದೆ ನಿಂತು ಮೂವರೂ ಕತ್ತೆತ್ತಿದೆವು. ಎರಡು ಗೋಪುರ, ಒಂದೊಂದೂ ಸುಮಾರು 175 ಅಡಿ.

"ಇಷ್ಟೆತ್ತರ ಯಾಕೆ ಬೇಕಿತ್ತೋ?" ಎಂದ ಸೀನ. ಅವನು ಮನೆ ಕಟ್ಟಿಸುತ್ತಿದ್ದಾನೆ. ಈಗ ಏನು ನೋಡಿದರೂ ಸಿಮೆಂಟ್ ಮೂಟೆಯ ಲೆಕ್ಕದಲ್ಲೇ ನೋಡುತ್ತಾನೆ.

"ಇದು ಗಾಥಿಕ್ ಶೈಲಿ ಕಣೋ. ನೋಡೋರ ಕಣ್ಣು ಮೇಲಕ್ಕೇ ಹೋಗಬೇಕು," ಎಂದ ನಾಣಿ.

"ಕಣ್ಣಿರಲಿ, ಕತ್ತೇ ಹೋಯಿತು."

ಒಳಗೆ ಹೋದೆವು. ನನಗಂತೂ ಗೋಪುರಕ್ಕಿಂತ ಒಳಗಿನ ಚೂಪು ಕಮಾನುಗಳೇ ಇಷ್ಟ. ಸೀನನಿಗೆ ಅಲ್ಲೂ ತಕರಾರು. "ಕಮಾನು ಅಂದ್ರೆ ಗುಂಡಗಿರಬೇಕು, ಅಲ್ವಾ?"

ನಾಣಿ ಸುಮ್ನೆ ಎರಡೂ ಕೈ ಜೋಡಿಸಿದ. ಯಾರೋ ದೊಡ್ಡವರು ಬಂದರೇನೋ ಅಂತ ಸೀನ ಹಿಂದೆ ತಿರುಗಿ ನೋಡಿದ.

"ಹಿಂದೆ ಯಾರೂ ಇಲ್ಲ, ನನ್ನ ಕೈ ನೋಡು. ಹೀಗೆ ಚೂಪಾಗಿದ್ದರೆ ಭಾರ ಕೆಳಗೆ ಇಳಿಯೋದು ಜಾಸ್ತಿ, ಗೋಡೆಯನ್ನು ಆಚೆಗೆ ನೂಕೋದು ಕಡಿಮೆ. ಉಳಿದ ನೂಕಾಟಕ್ಕೆ ಗೋಡೆಯ ಹೊರಗಿಂದ ಆನಿಕೆ ಕೊಡ್ತಾರೆ. ಆಗ ಗೋಡೆ ಪೂರ್ತಿ ದಪ್ಪ ಇರಬೇಕಾಗಿಲ್ಲ. ಕಿಟಕಿ ಎಷ್ಟು ದೊಡ್ಡದಾದರೂ ಬಿಡಬಹುದು."

ಯೇಸುವಿನ ಹುಟ್ಟು, ಕೊನೆಯ ಭೋಜನ, ಶಿಲುಬೆ, ಎಲ್ಲವೂ ಬಣ್ಣದ ಗಾಜಿನಲ್ಲಿ ಹೊಳೆಯುತ್ತಿದ್ದವು. ಸೀನನೂ ಒಂದು ನಿಮಿಷ ಬಾಯಿ ಮುಚ್ಚಿದ. ಒಂದೇ ನಿಮಿಷ.

"ಇದಕ್ಕೆ ಪಾಯ ಹಾಕಿದ್ದು ಯಾವಾಗ?"

"1933ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಮಾದರಿ ಜರ್ಮನಿಯ ಕಲೋನ್ ಚರ್ಚು. ಅದು ಶುರುವಾಗಿದ್ದು 1248ರಲ್ಲಿ, ಮುಗಿದದ್ದು 1880ರಲ್ಲಿ."

ಸೀನ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟ. "632 ವರ್ಷ!"

"ನಡುವೆ ಕೆಲಸ ನಿಂತೇಹೋಗಿತ್ತು. ಅರ್ಧ ಕಟ್ಟಿದ ಗೋಪುರದ ಮೇಲೆ ಮರದ ಕ್ರೇನ್ ಒಂದು ಹಾಗೇ ಉಳಿದುಬಿಡ್ತು. ಸುಮಾರು 400 ವರ್ಷ! ಇಳಿಸಿದ್ದು 1868ರಲ್ಲಿ. ಅಷ್ಟು ಹೊತ್ತಿಗೆ ಅದೇ ಊರಿನ ಗುರುತು ಆಗಿತ್ತಂತೆ."

ಸೀನನ ಮನೆ ಮುಂದೆಯೂ ಒಂದು ಕಾಂಕ್ರೀಟ್ ಮಿಕ್ಸರ್ ನಿಂತಿದೆ. ಎಂಟು ತಿಂಗಳಾಯಿತು. ಅದರ ಬಾಯಲ್ಲಿ ಒಂದು ಬೇವಿನ ಸಸಿ ಹುಟ್ಟಿ ನಾಲ್ಕು ಎಲೆ ಬಿಟ್ಟಿದೆ. "ಮಿಕ್ಸರ್ ಇರೋ ಮನೆ" ಅಂದರೆ ಆಟೋದವರು ನೇರ ತಂದು ಬಿಡುತ್ತಾರೆ.

ನಾನೂ ನಾಣಿಯೂ ಮುಖ ಮುಖ ನೋಡಿಕೊಂಡೆವು.

ಸೀನ ಎದ್ದು ಬಂದ. ದನಿ ತಗ್ಗಿಸಿದ. "ಕಲೋನ್ ವಿಷಯ ನಮ್ಮ ಮೇಸ್ತ್ರಿ ಕಿವಿಗೆ ಮಾತ್ರ ಹಾಕಬೇಡ್ರಪ್ಪಾ."